ಹಳೆಯ ಖುರ್ಚಿಗಳೂ ಅವುಗಳ ಕಟ್ಟಿಗೆಯೂ: ಒಂದು ಐತಿಹಾಸಿಕ ಅವಲೋಕನ

ಶ್ರೀ ಜಿನಬಿಂಬ ಪ್ರತಿಷ್ಠಾ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಕೆಲವು ದಿನ ಹಿಂಜರಿದೆನು. ಮೆಟ್ರಿಕ್ಕಿನವರೆಗೆ ಓದಿ, ಮುಂದೆ ಅಂಗಡಿಯ ಗಾದಿಯ ಮೇಲೆ ಕುಳಿತು ಜಮಾಖರ್ಚು ಬರೆಯುತ್ತ ಐವತ್ತು ದಾಟಿದವನು ನಾನು. ಸಿದ್ಧಾಂತವನ್ನು ಕುರಿತು ಬರೆಯಲು ಶಾಸ್ತ್ರಿಗಳಿದ್ದಾರೆ, ಶಾಸನಗಳನ್ನು ಕುರಿತು ಬರೆಯಲು ಪಂಡಿತರಿದ್ದಾರೆ. ಆದರೆ ಬಸದಿಯ ಜೀರ್ಣೋದ್ಧಾರದ ಕಾಲಕ್ಕೆ ಉಗ್ರಾಣದಿಂದ ಹೊರಗೆ ತಂದು ಅಂಗಳದಲ್ಲಿ ಬಿಸಿಲಿಗಿಟ್ಟ ಎರಡು ಹಳೆಯ ಖುರ್ಚಿಗಳು ನನ್ನಿಂದ ಈ ನಾಲ್ಕು ಮಾತುಗಳನ್ನು ಬರೆಯಿಸಿವೆ.

ಆ ಖುರ್ಚಿಗಳ ಬೆತ್ತದ ಹೆಣಿಗೆ ಹರಿದುಹೋಗಿದ್ದಿತು. ಒಂದರ ಹಿಂಗಾಲು ಕಳಚಿದ್ದಿತು. ಬೆನ್ನಿನ ಹಲಗೆಯ ಬಳ್ಳಿಗಳಲ್ಲಿ ನೂರಾರು ಮಳೆಗಾಲಗಳ ಧೂಳು ಸೇರಿಕೊಂಡಿದ್ದಿತು ಎಂದರೂ ಸಲ್ಲುವಂತಿದ್ದಿತು. ಹೊರ ಊರಿನಿಂದ ಬಂದ ವ್ಯಾಪಾರಿಯೊಬ್ಬರು ಅವನ್ನು ನೋಡಿ, "ಈ ಮುರುಕನ್ನು ನನಗೆ ಕೊಡಿರಿ, ಇದೇ ಪ್ರಾಚೀನ ಮಾದರಿಯ ಥಳಥಳಿಸುವ ಎರಡು ಹೊಸ ಖುರ್ಚಿ ಕಳಿಸಿಕೊಡುತ್ತೇನೆ" ಎಂದರು. ನಮ್ಮಲ್ಲಿ ಕೆಲವರು ಒಪ್ಪುವುದರಲ್ಲಿಯೂ ಇದ್ದರು. ಆ ಗಳಿಗೆಯಲ್ಲಿ ನನಗೆ ನನ್ನ ಮನೆಯ ಹಳೆಯ ತಪ್ಪೊಂದು ನೆನಪಿಗೆ ಬಂದಿತು. ಅದನ್ನು ಲೇಖನದ ಕೊನೆಗೆ ನಿವೇದಿಸುತ್ತೇನೆ. ಮೊದಲು ಈ ಆಸನದ ಇತಿಹಾಸವನ್ನೂ ಅದರ ಕಟ್ಟಿಗೆಯ ಗುಣವನ್ನೂ ಬಲ್ಲವರಿಂದ ಕೇಳಿದಷ್ಟು, ಓದಿ ತಿಳಿದಷ್ಟು ವಾಚಕರ ಮುಂದಿಡುವೆನು.

ಆಸನದ ಪ್ರಾಚೀನತೆ

ತೀರ್ಥಂಕರರ ಅಷ್ಟ ಮಹಾಪ್ರಾತಿಹಾರ್ಯಗಳಲ್ಲಿ ಸಿಂಹಾಸನವೂ ಒಂದೆಂಬುದು ಶ್ರಾವಕರೆಲ್ಲರಿಗೂ ತಿಳಿದ ವಿಷಯ. ಸಮವಸರಣದಲ್ಲಿ ಭಗವಂತನು ಆ ಸಿಂಹಾಸನವನ್ನು ಮುಟ್ಟದೆ ನಾಲ್ಕು ಅಂಗುಲ ಮೇಲೆ ವಿರಾಜಮಾನನಾಗಿರುವನೆಂದು ನಮ್ಮ ಪರಂಪರೆಯು ಹೇಳುತ್ತದೆ. ಆಸನವು ಎಷ್ಟು ಶ್ರೇಷ್ಠವಾಗಿದ್ದರೂ ಅದಕ್ಕೆ ಅಂಟಿಕೊಳ್ಳಬಾರದೆಂಬ ತತ್ತ್ವವು ಇದರಲ್ಲಿ ಅಡಗಿದೆ.

ಲೌಕಿಕರ ಆಸನಗಳ ವಿಷಯವನ್ನೂ ನಮ್ಮ ಪೂರ್ವಿಕರು ಅಲಕ್ಷ್ಯ ಮಾಡಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳನ್ನು ಹೇಳುವಾಗ ಆಸನಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ನಮ್ಮ ಹಾವೇರಿ ಸೀಮೆಯು ಆ ಚಾಲುಕ್ಯರ ಆಳ್ವಿಕೆಯಲ್ಲಿಯೇ ಇದ್ದಿತು. ಅದಕ್ಕೂ ಆರು ಶತಮಾನ ಮೊದಲು ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ಶಯ್ಯಾಸನಗಳ ಲಕ್ಷಣವನ್ನು ಹೇಳುತ್ತ, ಮಂಚಕ್ಕೂ ಪೀಠಕ್ಕೂ ಯಾವ ಮರ ಶುಭವೆಂಬುದನ್ನು ಎಣಿಸಿದ್ದಾನೆ. ಅಸನ, ಶಾಕ, ಶಿಂಶಪಾ, ಕಾಶ್ಮರಿ, ಚಂದನ, ದೇವದಾರು ಮುಂತಾದ ಹೆಸರುಗಳು ಅಲ್ಲಿ ಬರುತ್ತವೆ. ಅಸನವೆಂದರೆ ನಮ್ಮ ಹೊನ್ನೆ. ಶಾಕವೆಂದರೆ ತೇಗ, ಅಂದರೆ ಸಾಗುವಾನಿ. ಶಿಂಶಪೆಯು ಬೀಟೆಯ ಕುಲದ ಮರ. ಕಾಶ್ಮರಿಯು ಶಿವನಿ. ಸಾವಿರದ ಐನೂರು ವರ್ಷಗಳ ಹಿಂದಿನ ಈ ಪಟ್ಟಿಯನ್ನು ಹಿಡಿದುಕೊಂಡು ಇಂದು ಒಳ್ಳೆಯ ಬಡಿಗನ ಬಳಿಗೆ ಹೋದರೆ ಅವನು ಅದರಲ್ಲಿ ಹೆಚ್ಚು ತಿದ್ದಲಿಕ್ಕಿಲ್ಲ.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತು ಇದೆ. ಸಿಡಿಲು ಬಡಿದ ಮರ, ಪ್ರವಾಹದಿಂದ ಉರುಳಿದ ಮರ, ಹಕ್ಕಿಗಳು ಗೂಡು ಕಟ್ಟಿದ ಮರ, ಜೇನು ಕಟ್ಟಿದ ಮರ ಇವು ಆಸನಕ್ಕೆ ವರ್ಜ್ಯ. ಶುಭಾಶುಭದ ಭಾಷೆಯಲ್ಲಿ ಹೇಳಿದ್ದರೂ ಅದರ ಫಲವು ಜೀವದಯೆಯೇ ಆಗಿದೆಯೆಂದು ನನಗೆ ತೋರುತ್ತದೆ.

ಖುರ್ಚಿಯ ಆಗಮನ

ಇಷ್ಟೆಲ್ಲ ಇದ್ದರೂ ಸಾಮಾನ್ಯ ಗೃಹಸ್ಥರ ಮನೆಯಲ್ಲಿ ಖುರ್ಚಿ ಇರಲಿಲ್ಲ. ಊಟಕ್ಕೆ ಮಣೆ, ಅತಿಥಿಗಳಿಗೆ ಚಾಪೆ ಅಥವಾ ಜಮಖಾನೆ, ವ್ಯಾಪಾರಿಗೆ ಗಾದಿ ಮತ್ತು ಲೋಡು, ಊರ ಹಿರಿಯರಿಗೆ ಕಟ್ಟೆ. ಖುರ್ಚಿ ಎಂಬ ಹೆಸರೇ ಅರಬ್ಬಿಯ 'ಕುರ್ಸಿ'ಯಿಂದ ಪಾರಸಿ, ಹಿಂದುಸ್ತಾನಿಗಳ ದಾರಿಯಾಗಿ ನಮ್ಮ ನಾಲಿಗೆಗೆ ಬಂದುದು. ಕಾಲು ಇಳಿಬಿಟ್ಟು, ಬೆನ್ನು ಆನಿಸಿ, ತೋಳು ಚಾಚಿ ಕೂಡ್ರುವ ಇಂದಿನ ರೂಪದ ಖುರ್ಚಿಯು ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದ ಬಳಿಕ ಪಶ್ಚಿಮ ಕರಾವಳಿಯಲ್ಲಿ ಬೇರೂರಿತು. ಮಾದರಿ ಅವರದು, ಮರವೂ ಉಳಿಯೂ ಕೈಯೂ ನಮ್ಮವು. ಅಲ್ಲಿಯ ಇಗರ್ಜಿಗಳ ಮತ್ತು ದೊಡ್ಡ ಮನೆಗಳ ಆಸನಗಳಲ್ಲಿ ಪರದೇಶದ ಹೂವಿನೊಡನೆ ನಮ್ಮ ದೇಶದ ಬಳ್ಳಿ, ಗಿಳಿ, ಸಿಂಹಗಳೂ ಸೇರಿಕೊಂಡುದು ಹೀಗೆ.

ಹದಿನೇಳನೆಯ ಶತಮಾನದಲ್ಲಿ ಪೂರ್ವದ ಚೋಳಮಂಡಲ ಕರಾವಳಿಯಲ್ಲಿ ಕರಿಮರದ ಖುರ್ಚಿಗಳು ತಯಾರಾಗಿ ಹಡಗಿನಲ್ಲಿ ಯುರೋಪಿಗೆ ಹೋದವು. ಇವುಗಳ ವಿಷಯದಲ್ಲಿ ಒಂದು ಸ್ವಾರಸ್ಯವಾದ ಸಂಗತಿ ಇದೆ. ಹದಿನೆಂಟನೆಯ ಶತಮಾನದ ಪ್ರಸಿದ್ಧ ಆಂಗ್ಲ ಲೇಖಕ ಹೊರೇಸ್ ವಾಲ್‌ಪೋಲನು ಲಂಡನ್ನಿನ ಸಮೀಪದ ತನ್ನ ಭವನಕ್ಕಾಗಿ ಇಂಥ ಖುರ್ಚಿಗಳನ್ನು ಹುಡುಕಿ ಹುಡುಕಿ ಕೊಂಡನು. ಅವು ತನ್ನ ನಾಡಿನ ಟ್ಯೂಡರ್ ಅರಸರ ಕಾಲದವೆಂದು ಅವನು ನಂಬಿದ್ದನು. ನೋಡಿದವರೂ ನಂಬಿದರು. ಅವು ಭರತಖಂಡದ ಬಡಿಗರ ಕೈಕೆಲಸವೆಂದೂ, ಟ್ಯೂಡರ್ ಕಾಲಕ್ಕಿಂತ ಈಚಿನವೆಂದೂ ವಿದ್ವಾಂಸರು ಬಹು ಕಾಲದ ಮೇಲೆ ನಿರ್ಣಯಿಸಿದರು. ಹಳೆಯದೆಂದು ಹೇಳುವ ಖುರ್ಚಿಯನ್ನು ಹಳೆಯದೆಂದು ನಂಬುವ ಮೊದಲು ಪರೀಕ್ಷಿಸಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಡ.

ಇಂಗ್ಲಿಷರ ಆಳ್ವಿಕೆಯಲ್ಲಿ ಖುರ್ಚಿಯು ಅಧಿಕಾರದ ಗುರುತಾಯಿತು. ಸಾಹೇಬನು ಖುರ್ಚಿಯ ಮೇಲೆ, ರಯತನು ನೆಲದ ಮೇಲೆ. ಉತ್ತರ ಹಿಂದುಸ್ಥಾನದಲ್ಲಂತೂ ಅಧಿಕಾರಿಯ ಎದುರಿಗೆ ಖುರ್ಚಿಯಲ್ಲಿ ಕುಳ್ಳಿರುವ ಹಕ್ಕನ್ನೇ ಒಂದು ಮರ್ಯಾದೆಯನ್ನಾಗಿ ಮಾಡಿ, 'ಕುರ್ಸಿ ನಶೀನ್' ಎಂದು ಪ್ರಮಾಣಪತ್ರ ಕೊಡುತ್ತಿದ್ದರು. ನಮ್ಮ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಸರಕಾರಿ ಕಂದಾಯದ ಹಣದ ಮೇಲೆ ದಾಳಿಯಿಟ್ಟು ಹುತಾತ್ಮರಾದರು. ಅವರು ಎದುರಿಸಿದ್ದು ಆ ಖುರ್ಚಿಯ ಅಧಿಕಾರವನ್ನೇ. ಸ್ವಾತಂತ್ರ್ಯಾನಂತರ ಶಾಲೆ, ಪಂಚಾಯತಿ, ಸಹಕಾರಿ ಸಂಘಗಳಲ್ಲಿ ಎಲ್ಲರೂ ಖುರ್ಚಿಯ ಮೇಲೆ ಕುಳಿತುದು ಸಣ್ಣ ಬದಲಾವಣೆಯಲ್ಲ.

ನಮ್ಮ ಸೀಮೆಗೆ ಬಂದ ಬಗೆ

ಅಂದು ನಮ್ಮ ಪ್ರಾಂತವು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿಯೇ ನಮ್ಮ ರಾಜಧಾನಿ. ಹತ್ತೊಂಬತ್ತನೆಯ ಶತಮಾನದ ಮಧ್ಯಕಾಲದಲ್ಲಿ ಮುಂಬಯಿಯಲ್ಲಿ ಬೀಟೆಯ ಕಟ್ಟಿಗೆಯಿಂದ ಒತ್ತೊತ್ತಾಗಿ ಕೆತ್ತಿದ ಖುರ್ಚಿ, ಮೇಜು, ಮಂಚಗಳ ಉದ್ಯೋಗವು ಬಹಳ ಬೆಳೆಯಿತು. ಕಟ್ಟಿಗೆಯ ಬಣ್ಣದಿಂದಾಗಿ ಇಂಗ್ಲಿಷರು ಇವನ್ನು ಮುಂಬಯಿಯ 'ಬ್ಲ್ಯಾಕ್‌ವುಡ್' ಎಂದು ಕರೆದರು. ಹೆಸರು ಮುಂಬಯಿಯದಾದರೂ ಬೀಟೆಯು ಹುಟ್ಟುವುದು ಸಹ್ಯಾದ್ರಿಯ ಕಾಡುಗಳಲ್ಲಿ. ಆ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ರೇಲ್ವೆಯು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಬಂದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ನಿಲ್ದಾಣಗಳಾದವು. ಅರಳೆ, ಮೆಣಸಿನಕಾಯಿ ಕಳಿಸಿದ ವರ್ತಕರು ಮುಂಬಯಿಯ ದೊಡ್ಡ ಮನೆಗಳ ಅಲಂಕಾರವನ್ನು ಕಂಡು ಬಂದರು. ಊರಿನ ಬಡಿಗೇರರನ್ನು ಕರೆಯಿಸಿ, "ಇಂಥಾದ್ದೊಂದು ಮಾಡು" ಎಂದು ಹೇಳಿ ಮಾಡಿಸಿಕೊಂಡರು. ಹೀಗಾಗಿ ನಮ್ಮ ವಾಡೆಗಳ ಪಡಸಾಲೆಯಲ್ಲಿ ಕಾಣುವ ಖುರ್ಚಿಗಳಲ್ಲಿ ವಿಲಾಯತಿಯ ಕಾಲು, ಮುಂಬಯಿಯ ಬೆನ್ನು, ನಮ್ಮ ಬಾಗಿಲವಾಡದ ಬಳ್ಳಿ ಮೂರೂ ಒಂದಾಗಿರುತ್ತವೆ.

ಆದರೆ ಎರೆಮಣ್ಣಿನ ನಮ್ಮ ಬಯಲುಸೀಮೆಯಲ್ಲಿ ಬೆಳೆಯುವುದು ಜಾಲಿ, ಬೇವು, ಹುಣಸೆ. ಜಾಲಿಯು ಬಂಡಿಗೂ ಕುಂಟೆಗೂ ಉತ್ತಮ, ಆದರೆ ಸೂಕ್ಷ್ಮ ಕೆತ್ತನೆಗೆ ಬಾರದು. ಒಳ್ಳೆಯ ಕಟ್ಟಿಗೆಯು ಪಡುವಣದ ಮಲೆನಾಡಿನಿಂದಲೇ ಬರಬೇಕು. ನಮ್ಮ ವರದೆಯೂ ಅಲ್ಲಿಂದಲೇ ಬರುವವಳು. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಸುತ್ತಿ, ಹಾನಗಲ್ಲ ಸೀಮೆಯನ್ನು ಹಾಯ್ದು, ಹೊಸರಿತ್ತಿಯ ಬಳಿ ಹರಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಅವಳ ಹುಟ್ಟೂರಿನ ಸುತ್ತಲಿನ ಸಾಗರ, ಸೊರಬಗಳೇ ಗುಡಿಗಾರರೆಂಬ ಕುಶಲ ಶಿಲ್ಪಿಗಳ ನೆಲೆಯೂ ಆಗಿವೆ. ಶ್ರೀಗಂಧದಲ್ಲಿ ಅವರು ಕೆತ್ತಿದ ಪೆಟ್ಟಿಗೆ, ವಿಗ್ರಹಗಳು ಲೋಕಪ್ರಸಿದ್ಧವಾಗಿವೆ.

ಕಟ್ಟಿಗೆಗಳ ಗುಣ

ಖುರ್ಚಿಗೆ ಬಳಸುವ ಮುಖ್ಯ ಕಟ್ಟಿಗೆಗಳಲ್ಲಿ ಮೊದಲನೆಯದು ತೇಗ. ಇದರ ಚೇಗು ಹೊಂಬಣ್ಣದ್ದು. ಮೈಯಲ್ಲಿ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಬಿಸಿಲು ಮಳೆಗಳಲ್ಲಿ ಹೆಚ್ಚು ಸೊಟ್ಟಗಾಗುವುದಿಲ್ಲ. ಉಳಿಗೆ ಒಳ್ಳೆಯದಾಗಿ ಬಗ್ಗುತ್ತದೆ, ಆದರೆ ಒಳಗೆ ಮರಳಿನ ಅಂಶವಿರುವುದರಿಂದ ಹತ್ಯಾರದ ಬಾಯಿ ಬೇಗ ಮೊಂಡಾಗುತ್ತದೆ. ಹಡಗಿಗಾಗಿ ಇದನ್ನು ಎಷ್ಟು ಕಡಿದರೆಂದರೆ, ಮುಂದೆ ಸಿಕ್ಕಲಾರದೆಂಬ ಭಯದಿಂದ 1840ರ ದಶಕದಲ್ಲಿ ಮಲಬಾರದ ಕಲೆಕ್ಟರ ಕನೋಲಿಯು ನಿಲಂಬೂರಿನಲ್ಲಿ ತೇಗದ ತೋಪನ್ನೇ ನೆಡಿಸಿದನು. ನೆಟ್ಟ ತೇಗವು ಕಡಿತಕ್ಕೆ ಬರಲು ಸಾಮಾನ್ಯವಾಗಿ 50ರಿಂದ 60 ವರ್ಷ ಬೇಕು. ಅಜ್ಜನು ನೆಟ್ಟರೆ ಮೊಮ್ಮಗನ ಕಾಲಕ್ಕೆ ಖುರ್ಚಿ.

ಎರಡನೆಯದು ಬೀಟೆ. ತೇಗಕ್ಕಿಂತ ಭಾರ, ತೇಗಕ್ಕಿಂತ ಬಿರುಸು. ನೇರಳೆ ಛಾಯೆಯ ಕಂದು ಮೈಯಲ್ಲಿ ಕರಿಯ ಗೆರೆಗಳು ಓಡಿರುತ್ತವೆ. ಕೊಯ್ದಾಗ ಮಂದವಾದ ಸುವಾಸನೆ ಬರುತ್ತದೆ. ಇದರ ಮೇಲೆ ತೆಗೆದ ಸಣ್ಣ ಎಳೆಯೂ ನೂರು ವರ್ಷ ಚೂಪಾಗಿ ನಿಲ್ಲುತ್ತದೆ. ಮೈಸೂರಿನ ಕುಶಲಿಗಳು ಬೇರೆ ಬೇರೆ ಬಣ್ಣದ ಕಟ್ಟಿಗೆಯ ಚೂರುಗಳನ್ನು ಕೂಡ್ರಿಸಿ ಚಿತ್ರ ಬಿಡಿಸುವುದು ಈ ಬೀಟೆಯ ಹಲಗೆಯ ಮೇಲೆಯೇ.

ಹೊನ್ನೆಯು ಗಟ್ಟಿ, ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ. ಮತ್ತಿಯು ಬಲು ಭಾರ, ಸರಿಯಾಗಿ ಒಣಗಿಸದಿದ್ದರೆ ಸೀಳುತ್ತದೆ. ಆದುದರಿಂದ ಅದು ಕೆತ್ತನೆಗಿಂತ ತೊಲೆಗೆ ಮೇಲು. ಶಿವನಿಯು ಹಗುರು, ಉಳಿಗೆ ಮೃದು. ಕರಾವಳಿಯವರು ಹಲಸನ್ನು ಬಳಸುತ್ತಾರೆ. ಕೊಯ್ದಾಗ ಅರಿಸಿನದಂತಿದ್ದು, ವರ್ಷಗಳು ಕಳೆದಂತೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಮೈಸೂರಿನ ಪ್ರಸಿದ್ಧ ರತ್ನಸಿಂಹಾಸನವು ಬಂಗಾರದ ಹೊದಿಕೆಯೊಳಗೆ ಅತ್ತಿಯ ಮರದ್ದೆಂದು ಹೇಳುತ್ತಾರೆ. ಯಾವ ಮರವಾದರೂ ನಡುವಿನ ಚೇಗನ್ನೇ ಆರಿಸಬೇಕು. ಹೊರಗಿನ ಬಿಳಿಯ ಭಾಗಕ್ಕೆ ಹುಳು ಹತ್ತುತ್ತದೆ. ಹುಳು ಹತ್ತಿದ ಮೇಲೆ ಔಷಧ ಹೊಡೆದು ಕೊಲ್ಲುವುದಕ್ಕಿಂತ, ಮೊದಲೇ ಹತ್ತದ ಕಟ್ಟಿಗೆಯನ್ನು ಆರಿಸುವುದು ಶ್ರಾವಕನಿಗೆ ಯೋಗ್ಯವಾದ ಮಾರ್ಗ.

ದಂತ ಮತ್ತು ಅರಗು

ಕೆತ್ತನೆಯ ಆಸನಗಳ ಇತಿಹಾಸದಲ್ಲಿ ನಾವು ಮೆಚ್ಚಲಾರದ ಪುಟವೂ ಒಂದಿದೆ. ಹದಿನೆಂಟನೆಯ ಶತಮಾನದಲ್ಲಿ ವಿಶಾಖಪಟ್ಟಣದಲ್ಲಿ ಆನೆಯ ದಂತವನ್ನು ಕೂಡ್ರಿಸಿದ ಖುರ್ಚಿಗಳು ತಯಾರಾದವು. ತಿರುವಾಂಕೂರಿನ ಮಹಾರಾಜರು ವಿಕ್ಟೋರಿಯಾ ರಾಣಿಗೆ ಕಳಿಸಿದ ದಂತದ ಸಿಂಹಾಸನವನ್ನು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಲಕ್ಷಾಂತರ ಜನ ನೋಡಿದರು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಉದ್ಯೋಗಗಳನ್ನು ಹೇಳುವಾಗ ದಂತದ ವ್ಯಾಪಾರವನ್ನೂ ಅರಗಿನ ವ್ಯಾಪಾರವನ್ನೂ ಕಾಡು ಕಡಿಯುವ ಜೀವಿಕೆಯನ್ನೂ ಸೇರಿಸಿದ್ದಾರೆ. ನಮ್ಮ ದೇಶದ ಕಾಯದೆಯು ಆ ಮಾತಿಗೆ ಬರಲು ಎಂಟುನೂರು ವರ್ಷ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣ ಕಾಯದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳಿಂದ ದಂತದ ವ್ಯಾಪಾರವು ನಿಂತಿತು. ಅರಗು ಇನ್ನೂ ಇದೆ. ಹಳೆಯ ಖುರ್ಚಿಗಳ ಹೊಳಪು ಸಾಮಾನ್ಯವಾಗಿ ಅರಗಿನ ಪಾಲಿಶಿನದು. ಅರಗು ಹುಳುವಿನಿಂದ ಬರುವುದು. ಬಸದಿಯ ಸಾಮಾನಿಗೆ ಅಗಸೆಯೆಣ್ಣೆಯನ್ನು ಬಟ್ಟೆಯಿಂದ ತಿಕ್ಕಿದರೂ ಕಟ್ಟಿಗೆಯ ಬಣ್ಣ ಚೆನ್ನಾಗಿ ಏಳುತ್ತದೆ ಎಂಬುದನ್ನು ಸಮಿತಿಯವರು ಗಮನಿಸಬೇಕು.

ನಮ್ಮವರ ಹೆಮ್ಮೆ ಮತ್ತು ನಷ್ಟ

ಕಾಷ್ಠಶಿಲ್ಪದಲ್ಲಿ ಜೈನರ ಪಾಲು ದೊಡ್ಡದು. ಮೂಡುಬಿದಿರೆಯ ಚೌಟ ಅರಸರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾಗುವ ನವನಾರೀ ಕುಂಜರವನ್ನೂ, ಐವರು ಸೇರಿ ಕುದುರೆಯಾಗುವ ಪಂಚನಾರೀ ತುರಗವನ್ನೂ ಕೆತ್ತಿದ್ದಾರೆ. ಅಲ್ಲಿಗೆ ಯಾತ್ರೆ ಹೋದವರು ಸಾವಿರ ಕಂಬದ ಬಸದಿಯ ದರ್ಶನವಾದ ಮೇಲೆ ಇದನ್ನೂ ನೋಡದೆ ಬರಬಾರದು.

ಗುಜರಾತದ ಅಹಮದಾಬಾದಿನಲ್ಲಿ ಶೇಠ ಹಠೀಸಿಂಗ್ ಮನೆತನದವರು 1848ರಲ್ಲಿ ಧರ್ಮನಾಥ ತೀರ್ಥಂಕರರ ಭವ್ಯ ಮಂದಿರವನ್ನು ಪೂರ್ಣಗೊಳಿಸಿದರು. ಅದೇ ಮನೆತನದ ಮಗನಭಾಯಿಯವರು 1881ರಲ್ಲಿ ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಅಮೇರಿಕದ ಕಲಾವಿದನೊಡನೆ ಕೂಡಿ ಕಟ್ಟಿಗೆಯ ಕೆತ್ತನೆಯ ಕಾರಖಾನೆಯನ್ನು ಆರಂಭಿಸಿದರು. ಹಳೆಯ ಮನೆಗಳ ಮತ್ತು ಮಂದಿರಗಳ ಕೆತ್ತನೆಯನ್ನು ಮಾದರಿಯಾಗಿಟ್ಟುಕೊಂಡು ಅಲ್ಲಿಯ ಮಿಸ್ತ್ರಿಗಳು ಸಾಗುವಾನಿಯಲ್ಲಿ ಆಸನ, ತೂಗುಮಂಚ, ಹಲಗೆಗಳನ್ನು ಕೆತ್ತಿದರು. ಅವು ನ್ಯೂಯಾರ್ಕಿನ ಶ್ರೀಮಂತರ ಮನೆಗಳನ್ನು ಸೇರಿದವು. ಪ್ರಾಚೀನ ಮಾದರಿಯ ಹೊಸ ಸಾಮಾನನ್ನು ಹೊಸದೆಂದೇ ಹೇಳಿ ಮಾರಿದ ಈ ವ್ಯಾಪಾರದಲ್ಲಿ ಮೋಸವಿರಲಿಲ್ಲ. ನಿಂತುಹೋಗುತ್ತಿದ್ದ ಉಳಿಗಳಿಗೆ ಕೆಲಸ ಸಿಕ್ಕಿತು.

ಆದರೆ ಅದೇ ಡಿ ಫಾರೆಸ್ಟನ ಕೈಯಿಂದ ಇನ್ನೊಂದು ವಸ್ತುವೂ ಸಮುದ್ರ ದಾಟಿತು. ಪಾಟಣದ ಜೈನ ಸಭಾಮಂಟಪವೊಂದರ ಸಾಗುವಾನಿಯ ಗುಮ್ಮಟವು, ಹದಿನಾರನೆಯ ಶತಮಾನದ ಕೊನೆಯಲ್ಲಿ ಕೆತ್ತಿದ್ದು, ಅವನ ಮತ್ತು ಅವನ ಅಣ್ಣನ ಕೊಡುಗೆಯಾಗಿ 1916ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಇಂದಿಗೂ ಅಲ್ಲಿ ಅದನ್ನು ಕಾಪಾಡಿದ್ದಾರೆ. ಅದಕ್ಕಾಗಿ ಅವರನ್ನು ದೂರಲಾರೆನು. ಆದರೆ ನಮ್ಮ ಹಿರಿಯರು ಕುಳಿತು ಸ್ವಾಧ್ಯಾಯ ಮಾಡಿದ ಮಂಟಪದ ಗುಮ್ಮಟವನ್ನು ನೋಡಲು ನಮ್ಮ ಮಕ್ಕಳು ಅಮೇರಿಕೆಗೆ ಹೋಗಬೇಕು.

ಪರೀಕ್ಷೆಯ ಕ್ರಮ

ಇಂದು ಗಣಕಯಂತ್ರ ನಡೆಸುವ ಕೆತ್ತನೆಯ ಯಂತ್ರಗಳು ಬಂದಿವೆ. ಉತ್ತರ ಪ್ರದೇಶದ ಸಹಾರನಪುರದಂಥ ಊರುಗಳಿಂದ ಪ್ರಾಚೀನ ಮಾದರಿಯ ಖುರ್ಚಿಗಳು ಎಲ್ಲೆಡೆಗೆ ಬರುತ್ತವೆ. ಅವುಗಳಲ್ಲಿಯೂ ಒಳ್ಳೆಯವು ಉಂಟು. ಹೊಸದನ್ನು ಕೊಳ್ಳುವುದು ತಪ್ಪಲ್ಲ, ಹಳೆಯದೆಂಬ ಬೆಲೆ ಕೊಟ್ಟು ಹೊಸದನ್ನು ಕೊಳ್ಳುವುದು ನಷ್ಟ. ಹಳೆಯದನ್ನು ಮುರುಕಿನ ಬೆಲೆಗೆ ಕೊಡುವುದು ಇನ್ನೂ ದೊಡ್ಡ ನಷ್ಟ.

ಖುರ್ಚಿಯನ್ನು ಮೊದಲು ಬೋರಲು ಹಾಕಿರಿ. ಕೂಡ್ರುವ ಹಲಗೆಯ ಕೆಳಗೆ ಬಾಚಿಯ, ಕೈಗರಗಸದ ಗುರುತುಗಳು ಓರೆಕೋರೆಯಾಗಿದ್ದರೆ ಅದು ಕೈಕೆಲಸ. ಕೀಲುಗಳನ್ನು ನೋಡಿರಿ. ಹಳೆಯ ಬಡಿಗರು ಒಂದು ಕಟ್ಟಿಗೆಗೆ ತೂತು ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕಡೆದು ಸೇರಿಸಿ, ಅಡ್ಡಲಾಗಿ ಕಟ್ಟಿಗೆಯ ಇಲ್ಲವೆ ಬಿದಿರಿನ ಬೆಣೆ ಹೊಡೆಯುತ್ತಿದ್ದರು. ಕಟ್ಟಿಗೆಯು ಎಲ್ಲ ಕಡೆಗೂ ಸಮನಾಗಿ ಕುಗ್ಗುವುದಿಲ್ಲವಾದುದರಿಂದ ದುಂಡಗೆ ಕಡೆದ ಹಳೆಯ ಕಾಲಿನ ಸುತ್ತು ಕಾಲಾಂತರದಲ್ಲಿ ತುಸು ಮೊಟ್ಟೆಯಾಕಾರಕ್ಕೆ ಬರುತ್ತದೆ. ಬೆನ್ನಿನ ಎಡಬಲದ ಹೂಗಳನ್ನು ಹೋಲಿಸಿರಿ. ಕೈಯಿಂದ ಕೆತ್ತಿದವು ಅಣ್ಣತಮ್ಮಂದಿರಂತೆ ಹೋಲುತ್ತವೆ, ಯಂತ್ರದವು ಒಂದೇ ಅಚ್ಚು. ಕೊನೆಗೆ ತೋಳಿನ ತುದಿಯನ್ನು ಮುಟ್ಟಿರಿ. ನೂರು ವರ್ಷ ಅಂಗೈ ತಿಕ್ಕಿದ ನುಣುಪನ್ನು ಯಾವ ಮರಳುಕಾಗದವೂ ಕೊಡಲಾರದು.

ಇನ್ನೊಂದು ಮಾತು. ಬೀಟೆ, ತೇಗಗಳನ್ನು ಇಂದು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧದ ಪಟ್ಟಿಯನ್ನು ಸೇರಿವೆ. ಹಿಂದಿನವರು ಸಹಜವಾಗಿ ಬಳಸಿದ ಅಗಲವಾದ ಬೀಟೆಯ ಹಲಗೆಯು ಇಂದು ಹಣ ಕೊಟ್ಟರೂ ಸುಲಭವಾಗಿ ದೊರೆಯದು.

ನನ್ನ ನಿವೇದನೆ

ಮೊದಲು ಹೇಳಿದ ನನ್ನ ಮನೆಯ ಸಂಗತಿ ಇಷ್ಟೆ. ನಮ್ಮ ಪಡಸಾಲೆಯಲ್ಲಿ ಅಜ್ಜನ ಕಾಲದ ಬೀಟೆಯ ಆರಾಮ ಖುರ್ಚಿಯೊಂದಿದ್ದಿತು. ನಮ್ಮ ತಂದೆಯವರು ಸಾಯಂಕಾಲ, ಹೊತ್ತು ಮುಳುಗುವ ಮೊದಲು ಊಟ ಮುಗಿಸಿ, ಅದರಲ್ಲಿ ಕುಳಿತು ಜಪಮಣಿ ಎಣಿಸುತ್ತಿದ್ದರು. ಅವರು ತೀರಿಕೊಂಡ ಮರುವರ್ಷ ಮನೆಗೆ ಬಣ್ಣ ಮಾಡಿಸುವಾಗ, ಬೆತ್ತ ಹರಿದಿದೆಯೆಂದು, ಬಾಗಿಲಿಗೆ ಬಂದವನೊಬ್ಬನಿಗೆ ನಾನೇ ಅದನ್ನು 250 ರೂಪಾಯಿಗೆ ಕೊಟ್ಟುಬಿಟ್ಟೆನು. ಲೆಕ್ಕದಲ್ಲಿ ಎಂದೂ ತಪ್ಪದ ನಾನು ಅಂದು ತಪ್ಪಿದೆನು. ನಮ್ಮ ಅವ್ವನವರು ಏನೂ ಅನ್ನಲಿಲ್ಲ. ಆದರೆ ಅದು ಇದ್ದ ಜಾಗದಲ್ಲಿ ಬಹಳ ದಿನ ಬೇರೆ ಏನನ್ನೂ ಇಡಗೊಡಲಿಲ್ಲ.

ಆದುದರಿಂದಲೇ ಬಸದಿಯ ಅಂಗಳದಲ್ಲಿ ನಾನು ಅಡ್ಡ ಬಂದೆನು. ಊರಿನ ಹಿರಿಯ ಬಡಿಗೇರರನ್ನು ಕರೆಯಿಸಿದೆವು. ಅವರು ಖುರ್ಚಿಯನ್ನು ತಿರುವಿ ಮುರುವಿ ನೋಡಿ, "ಇದು ಮುರದಿಲ್ರೀ ಸಾವ್ಕಾರ್ರ, ಬರೇ ಬಿಚ್ಚಿಕೊಂಡೈತಿ" ಎಂದರು. ಬೆಣೆಗಳನ್ನು ಹೊಸದಾಗಿ ಕೆತ್ತಿ ಹೊಡೆದರು. ಒಂದು ಹಿಂಗಾಲಿನ ತುದಿಗೆ ಮಾತ್ರ ಹೊಸ ತೇಗದ ತುಂಡು ಸೇರಿಸಿದರು. ಅದಕ್ಕೆ ಬಣ್ಣ ಹಚ್ಚಿ ಮರೆಮಾಡುವುದು ಬೇಡವೆಂದು ನಾವೇ ಹೇಳಿದೆವು. ಹಳೆಯದು ಹಳೆಯದಾಗಿ, ಹೊಸದು ಹೊಸದಾಗಿ ಕಾಣಲಿ. ಬೆತ್ತದ ಹೆಣಿಗೆಯೂ ಆಯಿತು. ಪ್ರತಿಷ್ಠಾ ಮಹೋತ್ಸವಕ್ಕೆ ಬರುವ ವೃದ್ಧ ಶ್ರಾವಕ ಶ್ರಾವಕಿಯರಿಗಾಗಿ ಅವನ್ನು ಸಭಾಮಂಟಪದ ಬದಿಯಲ್ಲಿ ಇಡಲಾಗಿದೆ.

ವೃಕ್ಷವೂ ಏಕೇಂದ್ರಿಯ ಜೀವವೆಂದು ನಂಬುವವರು ನಾವು. ಒಮ್ಮೆ ಕಡಿದ ಮರವನ್ನು ಮರಳಿ ನಿಲ್ಲಿಸಲು ಬಾರದು. ಆದರೆ ಅದರಿಂದಾದ ಆಸನವನ್ನು ಇನ್ನೂ ನೂರು ವರ್ಷ ಬಾಳಿಸಿದರೆ, ಅಷ್ಟರ ಮಟ್ಟಿಗೆ ಮತ್ತೊಂದು ಮರವು ಕಾಡಿನಲ್ಲಿ ಉಳಿದೀತು. ಜೀರ್ಣೋದ್ಧಾರವೆಂದರೆ ಹಳೆಯದನ್ನು ತೆಗೆದು ಹೊಸದನ್ನು ತರುವುದಲ್ಲ, ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು. ತಮ್ಮ ತಮ್ಮ ಊರಿನ ಬಸದಿ, ವಾಡೆ, ಪಡಸಾಲೆಗಳಲ್ಲಿ ಧೂಳು ಹಿಡಿದು ನಿಂತ ಇಂಥ ಆಸನಗಳನ್ನು ಬಂಧುಗಳೆಲ್ಲರೂ ಒಮ್ಮೆ ಬೋರಲು ಹಾಕಿ ನೋಡಬೇಕು, ಕೊಡುವ ಮೊದಲು ಒಬ್ಬ ಬಡಿಗನನ್ನು ಕರೆಯಿಸಿ ತೋರಿಸಬೇಕು ಎಂದು ಕೈಮುಗಿದು ವಿನಂತಿಸಿ, ಈ ಅಲ್ಪ ಲೇಖನದಲ್ಲಿಯ ದೋಷಗಳನ್ನು ತಿಳಿದವರು ಮನ್ನಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.